ತುಂಬು

ಕಾಗದ ಬರಿ ಅಂದರು. ಏಳನೇತ್ತ ಕಲಿತಾಕಿ ನಾನೊಬ್ಬಾಕಿ.
ಚೀಲದ ಮ್ಯಾಲೆ ಚೀಲ ಒಟ್ಟಿ ಮೇಜು ಮಾಡಿಕೊಟ್ಟರು.
ಪೆನ್ನಿಗೂ ಘಾಟು ಹತ್ತಿತ್ತು. ಮೂರು ಸಲ ಸೀನಿದ ಮ್ಯಾಲೆ
‘ಮಾನ್ಯರೇ’ ಅಂತ ಬರೆದೆ.

‘ಅಲ್ಲಿ ಹೆಣಮಕ್ಕಳೂ ಕುಂತಿರಬಹುದಲ್ಲ,
ಅಕ್ಕಾರ ಅಂತನೂ ಸೇರಿಸು’ ಅಂದಳು ಫಕ್ಕೀರವ್ವ.
ಸೇರಿಸಿದೆ.

ಜಿನೀವಾ ಎಲ್ಲೈತಿ ಯಾರಿಗೂ ಗೊತ್ತಿಲ್ಲ.
ಬ್ಯಾಡಗಿ ದಾಟಿ, ಹುಬ್ಬಳ್ಳಿ ದಾಟಿ, ಸಮುದ್ರ ದಾಟಿ
ಒಂದು ಕೋಣೆ ಐತಂತ, ಯಾರೂ ಕೆಮ್ಮದ ಕೋಣೆ.
ಯಾವ ಕಾಯಿ ಯಾವ ಬಂದರದಾಗ ಇಳೀಬೇಕು,
ಯಾವುದು ಹೊಳ್ಳಿ ಬರಬೇಕು,
ಅದರ ಕಟ್ಲೆ ಅಲ್ಲಿ ಆಗತಾವಂತ.

ಹೊಳ್ಳಿ ಬಂದಿತ್ತು ನಮ್ಮ ಕಡ್ಡಿಕಾಯಿ, ಮಾಘದಾಗ,
ಒಂದು ಪೂರಾ ಕಂಟೇನರ್.
ಔಷಧದ ಅಂಶ ಸಿಕ್ಕಿತಂತ,
ಹತ್ತು ಲಕ್ಷ ಕಾಳಿನಾಗ ಒಂದು ಕಾಳಿನಷ್ಟು.
ಸಾವಕಾರ ಏನೂ ಅನ್ನಲಿಲ್ಲ. ಸೋಮವಾರ
ಕಿಲೋಕ್ಕ ಎರಡು ರೂಪಾಯಿ ಮುರದು ಕೊಟ್ಟ.
ಹತ್ತು ಲಕ್ಷದಾಗಿನ ಆ ಒಂದು ಕಾಳು
ನಮ್ಮ ಉಡಿಯಾಗ ಬಂದು ಬಿತ್ತು.

‘ಔಷಧ ಬ್ಯಾಡ ಅಂದದ್ದು ಚಲೋನಽ ಬಿಡು’ ಅಂದಳು ಹಜರತಬಿ.
‘ಹೊಡಿಯೋರು ನಮ್ಮ ಹುಡುಗರು,
ಸಂಜೀಕ ವಾಂತಿ ಮಾಡಿಕೊಳ್ಳೋರು ನಮ್ಮ ಹುಡುಗರು.
ಆದರ ಇದನ್ನ ಓದು.’
ಸೆರಗಿನಾಗ ಕಟಗೊಂಡು ತಂದಿದ್ದಳು,
ಹೊಲದ ಬದುವಿನ್ಯಾಗ ಬಿದ್ದ ಖಾಲಿ ಬಾಟ್ಲಿ.
ಇರುವಿಯಂಥಾ ಅಕ್ಷರ.
ಕಾಯಿ ಒಲ್ಲೆ ಅಂದದ್ದು ಯಾವ ದೇಶವೋ
ತಳದಾಗ ಆ ದೇಶದ ಹೆಸರಽ ಇತ್ತು: ಇಲ್ಲಿ ತಯಾರಾದದ್ದು.

ಅವರ ಹೊಲಕ್ಕ ಅದು ಬ್ಯಾನ್ ಅಂತ,
ಸಂಘದ ಮಮತಾಜ ಹೇಳಿದ್ದಳು.
ನಮ್ಮ ಹೊಲಕ್ಕ ಮಾರಬಹುದಂತ.
ವಿಷ ಇತ್ತಾಗ ಬರೋ ಮುಂದ ಬಾಗಲಾ ತೆರದಿರತೈತಿ.
ಅದಽ ವಿಷ, ಕಾಯಿಯೊಳಗ ಕುಂತು, ತವರಿಗೆ ಹೊಂಟರ
ಚಿಲಕ ಬೀಳತೈತಿ.
ಹಿಂಗಽ ಬರೆದೆ. ಒತ್ತಕ್ಷರ ತಪ್ಪಿರಬಹುದು,
ಲೆಕ್ಕ ತಪ್ಪಿಲ್ಲ.

ನಲವತ್ತೊಂದು ಹೆಬ್ಬೆಟ್ಟು. ಶಾಯಿ ಹಚ್ಚಿ ಒತ್ತಿದರ
ಗೆರಿಯಽ ಮೂಡವಲ್ವು.
ರೇಷನ್ ಅಂಗಡಿ ಮಿಷನ್ನೂ ಹಿಂಗಽ ಅಂತೈತಿ,
ಇವರು ಯಾರೂ ಅಲ್ಲ ಅಂತ.
ಎಣ್ಣಿ ಹಚ್ಚಿ, ಮಜ್ಜಿಗಿ ಹಚ್ಚಿ, ಬೂದಿ ತಿಕ್ಕಿದರೂ
ಕೂಸಿನ ಕಣ್ಣು ಒರೆಸಲಾರದ ಕೈ ಇವು.
ನೀಲವ್ವ ಲಮಾಣಿ ಶಾಯಿ ಒರೆಸಿಕೊಂಡಳು.
ರಾಶಿಯಾಗ ಬೆರಳು ತಿಕ್ಕಿ ಕಾಗದಕ್ಕ ಒತ್ತಿದಳು.
ಕೆಂಪು ನಿಂತಿತು.
ಅಕಿ ಹಿಂದ ಉಳಿದ ನಲವತ್ತು ಮಂದಿ.

ಲಕೋಟಿ ಅಂಟಿಸೋ ಮುಂದ ಫಕ್ಕೀರವ್ವ
ಒಂದು ತುಂಬು ಒಳಗ ಇಳಿಬಿಟ್ಟಳು.
‘ಮೇಜಿನ ಮ್ಯಾಲಿಟ್ಟು ನೋಡಲಿ.
ಒಂದು ಕಿಲೋ ಕಾಯಿಗೆ ಇಂಥವು ಎಷ್ಟು,
ಒಮ್ಮೆರೆ ಎಣಸಲಿ.’

ಪೋಸ್ಟಿನ ಅಣ್ಣ ತೂಗಿದ, ಅಲುಗಿಸಿದ, ಒಳಗೇನು ಅಂದ.
‘ಗಿಡದ ತುಣುಕು ಹೊರದೇಶಕ್ಕ ಹೋಗಂಗಿಲ್ಲ ತಂಗಿ,
ಹುಳ ಇಲ್ಲಂತ ಸರ್ಟಿಫಿಕೇಟ್ ಬೇಕು.’
ತೆಗೆದು ನನ್ನ ಅಂಗೈಯಾಗ ಇಟ್ಟ.
ಮುಂಜಾನೆಯಿಂದ ಕಾಯಿಯ ತುಂಬು ಬಿಡಿಸಿದಾಕಿ
ಕಾಗದದ್ದೂ ಬಿಡಿಸಿಕೊಂಡು ನಿಂತೆ.
ಕೆಂಪು ಬೆರಳಿಗೆ ಮಾತ್ರ
ಅವನ ಪುಸ್ತಕದಾಗ ಯಾವ ಕಲಮೂ ಸಿಗಲಿಲ್ಲ.
ಹುಡುಕಿದ. ಸೀನಿದ. ಠಸ್ಸೆ ಹೊಡೆದ.

ಪಂಚಮಿ ಹೊತ್ತಿಗೆ ಗುಲಾಬಿ ಬಣ್ಣದ್ದೊಂದು ಚೀಟಿ ಬಂತು.
ಮುಟ್ಟೈತಿ ಅಂತ, ಅಷ್ಟಽ.
ಕೆಳಗ ಒಂದು ಸಹಿ, ಎರೆಹುಳ ಹರದಾಡಿದಂಗ.
ಕೈಯಿಂದ ಕೈಗೆ ದಾಟಿಸಿ
ತಿರುವಿ ಮುರುವಿ ನೋಡಿದರು.
ಯಾರ ಹೆಸರಂತ ನನಗೂ ಹೊಂದಲಿಲ್ಲ.

‘ಪಾಪ, ಅವರಿಗೂ ಸಾಲಿ ಹತ್ತಿಲ್ಲ ಕಾಣತೈತಿ,’
ಫಕ್ಕೀರವ್ವ ನಕ್ಕಳು, ನಗು ಕೆಮ್ಮಾತು,
ಮೂಗಿನ ಅರಿವಿ ಸರಿಮಾಡಿಕೊಂಡು
ಚೀಲ ಒಟ್ಟಾಕ ಎದ್ದಳು.
‘ಎರಡನೇದು ದೊಡ್ಡ ಅಕ್ಷರದಾಗ ಬರಿ.’